ನಮ್ಮ ಸೀಮೆಯ ಫೋಟೊ ಯಾರ ಗೋಡೆಯ ಮೇಲೆ?

ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದವರು ದರ್ಶನ ಮುಗಿಸಿ, ಹೊಳೆಯಲ್ಲಿ ಕಾಲಾಡಿಸಿ, ಬೆಂಡು ಬತ್ತಾಸು ಕಟ್ಟಿಸಿಕೊಂಡು ತಿರುಗಿ ಬರುವಾಗ ಒಂದು ಗುಡಾರದ ಮುಂದೆ ನಿಲ್ಲುತ್ತಿದ್ದ ಕಾಲವೊಂದಿತ್ತು. ಒಳಗೆ ಬಿಗಿದು ಕಟ್ಟಿದ ಪರದೆ. ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕೆರೆ, ಕೆರೆಯಲ್ಲಿ ಜೋಡಿ ಹಂಸ, ಹಿಂದೆ ಬಿಳೀ ಗುಡ್ಡ. ಕೃಷ್ಣೆ ನೂರು ಮಾರಿನಾಚೆ ಹರಿಯುತ್ತಿದ್ದರೂ ನಮ್ಮ ಮಂದಿ ಫೋಟೊ ತೆಗೆಸಿಕೊಂಡದ್ದು ಆ ಬಣ್ಣದ ಕೆರೆಯ ಮುಂದೆ.

ನಮ್ಮ ಮನೆಯಲ್ಲೂ ಅಂಥದೊಂದು ಇದೆ. ಕಬ್ಬಿಣದ ಕುರ್ಚಿಯ ಮೇಲೆ ಆಯಿ. ಹಿಂದೆ ಪಟಗ ಸುತ್ತಿಕೊಂಡ ಮುತ್ಯಾ, ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ. ಆಯಿ ಎಡಗೈಯನ್ನು ತೊಡೆಯ ಮೇಲೆ ಕಾಣುವಂತೆ ಇಟ್ಟಿದ್ದಾಳೆ, ಮಣಿಕಟ್ಟಿನಲ್ಲಿ ಕೈಗಡಿಯಾರ. ಪಕ್ಕದಲ್ಲಿ ನಿಂತ ಹುಡುಗಿ ನನ್ನ ಸೋದರತ್ತೆ. ಅವಳ ಲಂಗ ಸ್ಪಷ್ಟವಾಗಿದೆ, ಕಾಲಿನ ಬೆಳ್ಳಿ ಚೈನು ಸ್ಪಷ್ಟವಾಗಿದೆ, ಮುಖ ಮಾತ್ರ ಮಸುಕು. ಈ ಪಟ ಪಡಸಾಲೆಯ ಬಾಗಿಲ ಮೇಲೆ, ಮೇಲಿನ ತುದಿ ಮುಂದಕ್ಕೆ ಬಾಗಿ, ನೆಲದಲ್ಲಿ ಕೂತವರು ತಲೆ ಎತ್ತಿದರೆ ಸರಿಯಾಗಿ ಕಾಣುವ ಹಾಗೆ ತೂಗುತ್ತಿತ್ತು. ಸುತ್ತ ದೇವರ ಪಟಗಳು, ಕಾಕಾನ ಮದುವೆ ಫೋಟೊ, ಶಾಲೆಯ ಗುಂಪು ಫೋಟೊ. ನಾನು ನೋಡಿದ ಮೊದಲ ಛಾಯಾಚಿತ್ರ ಪ್ರದರ್ಶನ ಆ ಗೋಡೆ.

ಇದನ್ನೆಲ್ಲ ನೆನಪಿಸಿದ್ದು ಶಹಾಪುರ ಕಡೆಯ ಒಬ್ಬ ಡಿಗ್ರಿ ಹುಡುಗ. ಜಾತ್ರೆ, ಉರುಸು, ಮಲಗಿದ ಬುದ್ಧನ ಗುಡ್ಡದ ಮೇಲಿನ ಮೋಡ ಎಲ್ಲವನ್ನೂ ಚೆನ್ನಾಗಿ ತೆಗೆಯುತ್ತಾನೆ. "ಸರ್, ದೊಡ್ಡವರು ತೆಗೆದ ಫೋಟೊ ಮೊಬೈಲಿನಾಗ ಅಲ್ಲ, ಗೋಡಿ ಮ್ಯಾಲ ನೋಡಬೇಕಂದ್ರ ನಾವು ಎಲ್ಲಿಗಿ ಹೋಗಬೇಕ್ರಿ?" ಎಂದು ಕೇಳಿದ. ಅವನಿಗೆ ಒಂದು ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ಈ ಬರಹ ಅವನಿಗೆ.

ಮೊದಲು ಅವನ ಊರಿನ ಹತ್ತಿರದಿಂದಲೇ ಶುರುಮಾಡುತ್ತೇನೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1841ರಿಂದ 1853ರವರೆಗೆ ಅಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಹೆಸರು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಾಲಕ ರಾಜಾ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎನ್ನುತ್ತಿದ್ದ ಕಥೆಯೂ ಗೊತ್ತು. ಗೊತ್ತಿಲ್ಲದಿರುವುದು ಛಾಯಾಚಿತ್ರದ ಜೊತೆ ಅವನಿಗಿದ್ದ ನಂಟು. ಟೇಲರ್ ಚಿತ್ರ ಬರೆಯುತ್ತಿದ್ದ. ದಖ್ಖನಿನ ಅವನ ರೇಖಾಚಿತ್ರಗಳ ಪುಸ್ತಕ 1837ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ರಾಜನ್ ಕೊಳ್ಳೂರು, ಜೇವರ್ಗಿಯ ಸುತ್ತಿನ ಬೃಹತ್ ಶಿಲಾಸಮಾಧಿಗಳನ್ನು ಅಗೆಸಿ, ಅಳತೆ ಹಾಕಿ ಬರೆದಿಟ್ಟವನೂ ಅವನೇ. ಆರೋಗ್ಯ ಕೆಟ್ಟು 1860ರಲ್ಲಿ ಭಾರತ ಬಿಟ್ಟು ಹೋದ. ಆರು ವರ್ಷದ ಮೇಲೆ, 1866ರಲ್ಲಿ, ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಎರಡು ದೊಡ್ಡ ಪುಸ್ತಕಗಳು ಹೊರಬಂದವು. ಒಂದು ಬಿಜಾಪುರದ ವಾಸ್ತುಶಿಲ್ಪ, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪ. ಪುಟಗಳಲ್ಲಿ ಅಂಟಿಸಿದ್ದು ಕೈಯಿಂದ ಬರೆದ ಚಿತ್ರಗಳನ್ನಲ್ಲ, ನಿಜವಾದ ಫೋಟೊ ಪ್ರಿಂಟುಗಳನ್ನು. ಬಿಗ್ಸ್, ಪಿಗೂ, ನೀಲ್ ಮುಂತಾದವರು ತೆಗೆದವು. ಕಟ್ಟಡಗಳ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್‌ನದು. ಚರಿತ್ರೆ ಬರೆದವನು ಮೆಡೋಸ್ ಟೇಲರ್, ನಮ್ಮ ಸುರಪುರದ ಗುಡ್ಡದಿಂದ ಹೋದವನು.

ಕನ್ನಡ ನಾಡನ್ನು ಕ್ಯಾಮೆರಾದ ಮೂಲಕ ಜಗತ್ತಿಗೆ ತೋರಿಸಿದ ಮೊದಲ ದೊಡ್ಡ ಪುಸ್ತಕಗಳಿಗೆ ಮಾತು ಕೊಟ್ಟವನು ನಮ್ಮ ಸೀಮೆಯಲ್ಲಿ ಹನ್ನೆರಡು ವರ್ಷ ಬಾಳಿದವನು. ಆ ಪುಸ್ತಕಗಳ ಒಂದು ಪುಟದ ನಕಲನ್ನಾದರೂ ಸುರಪುರದ ಯಾವ ಗೋಡೆಯ ಮೇಲೂ ನಾನು ನೋಡಿಲ್ಲ. ನನ್ನ ಸಂಕಟ ಇದೇ. ನಮ್ಮ ಸೀಮೆಯ, ನಮ್ಮ ನಾಡಿನ ಫೋಟೊ ತೆಗೆದವರು ತೆಗೆದರು, ಒಯ್ದರು. ಅವು ಚೆನ್ನಾಗಿವೆ, ಜೋಪಾನವಾಗಿವೆ, ದೂರದಲ್ಲಿವೆ.

ಈ ದೂರ ಹೋಗುವ ಕಥೆ ಬಹಳ ಹಳೆಯದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರ್‌ನ ಛಾಯಾಗ್ರಹಣ ವಿಧಾನ ಬಹಿರಂಗವಾಯಿತು. ಹದಿನೈದೇ ವರ್ಷಕ್ಕೆ, 1854ರ ಡಿಸೆಂಬರಿನಲ್ಲಿ, ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ರಜೆಯ ಮೇಲೆ ಮೈಸೂರು ಸೀಮೆಗೆ ಬಂದು ಹಳೇಬೀಡು, ಬೇಲೂರುಗಳ ಮುಂದೆ ಕ್ಯಾಮೆರಾ ನಿಲ್ಲಿಸಿದ. ಮರುವರ್ಷ 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಅವನ 68 ಚಿತ್ರಗಳನ್ನು ತೂಗುಹಾಕಿದರು, ತೀರ್ಪುಗಾರರು ಮೆಚ್ಚಿದರು. ಕರ್ನಾಟಕದ ದೇವಾಲಯಗಳ ಫೋಟೊ ಜನರ ಮುಂದೆ ಬಂದ ಅತಿ ಹಳೆಯ ಪ್ರದರ್ಶನಗಳಲ್ಲಿ ಇದೊಂದು. ನಡೆದದ್ದು ಹಳೇಬೀಡಿನಲ್ಲಲ್ಲ, ಮದ್ರಾಸಿನಲ್ಲಿ.

ಆ ಕಾಲದ ಫೋಟೊಗಳನ್ನು ನೋಡುವಾಗ ಒಂದು ವಿಷಯ ತಿಳಿದಿದ್ದರೆ ಕಣ್ಣು ಮೋಸ ಹೋಗುವುದಿಲ್ಲ. ಕಾಗದಕ್ಕೆ ಮೇಣ ಹಿಡಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ ತೆಗೆದು, ಕ್ಯಾಮೆರಾದೊಳಗೆ ಇಟ್ಟು, ಲೆನ್ಸಿನ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕಿತ್ತು. ಹಿಗ್ಗಿಸುವ ಯಂತ್ರ ಇರಲಿಲ್ಲ, ಹಾಗಾಗಿ ಎಷ್ಟು ದೊಡ್ಡ ಪ್ರಿಂಟು ಬೇಕೋ ಅಷ್ಟೇ ದೊಡ್ಡ ನೆಗೆಟಿವ್, ಅದಕ್ಕೆ ತಕ್ಕ ಪೆಟ್ಟಿಗೆಯಂಥ ಕ್ಯಾಮೆರಾ. ನೆಗೆಟಿವ್ ಮೇಲೆ ಕಾಗದ ಒತ್ತಿಟ್ಟು ಬಿಸಿಲಿಗೆ ಹಿಡಿದು ಪ್ರಿಂಟು ಇಳಿಸುತ್ತಿದ್ದರು. ಮುಚ್ಚಳ ತೆಗೆದಿದ್ದ ಆ ನಿಮಿಷಗಳಲ್ಲಿ ಗುಡಿಯ ಮುಂದೆ ಹಾದುಹೋದ ದನ, ಕೊಡ ಹೊತ್ತ ಹೆಣ್ಣುಮಗಳು, ಓಡಿದ ಹುಡುಗ ಯಾರೂ ಕಾಗದದ ಮೇಲೆ ನಿಲ್ಲಲಿಲ್ಲ. ಕಲ್ಲು ಮಾತ್ರ ನಿಂತಿತು. 1850ರ ದಶಕದ ಚಿತ್ರಗಳಲ್ಲಿ ನಮ್ಮ ಊರುಗಳು ಜನರೇ ಇಲ್ಲದ ಹಾಳೂರುಗಳಂತೆ ಕಾಣುವುದಕ್ಕೆ ಇದೊಂದು ದೊಡ್ಡ ಕಾರಣ. ಬಿಕೋ ಎನ್ನುವುದು ಎಷ್ಟೋ ಸಲ ಊರಲ್ಲ, ಕಾಗದ. ಆಕಾಶವೂ ಹಾಗೆಯೇ ಬರೀ ಬಿಳಿಯಾಗಿ ಬರುತ್ತಿತ್ತು. ಟ್ರೈಪ್ ನೆಗೆಟಿವ್ ಮೇಲೆ ಕುಂಚದಿಂದ ಮೋಡ ಬರೆದು ಅದನ್ನು ತುಂಬುತ್ತಿದ್ದ.

ಹಳೆಯ ಫೋಟೊ ನೋಡುವುದನ್ನು ಅತಿ ಚೆನ್ನಾಗಿ ಕಲಿಸುವ ಜಾಗ ಹಂಪಿ. ತಿಂಥಣಿ ಬ್ರಿಜ್ ದಾಟಿ ಲಿಂಗಸುಗೂರು, ಮಸ್ಕಿ, ಸಿಂಧನೂರು, ಗಂಗಾವತಿ ಮೇಲೆ ಹೋದರೆ ಒಂದೇ ದಿನದ ಪಯಣ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಅವು ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಇದ್ದು 1980ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಸಿಕ್ಕವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಆ ಚಿತ್ರಗಳನ್ನು ಕೈಯಲ್ಲಿ ಹಿಡಿದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು, ಅದೇ ಕೋನದಿಂದ ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದೇ ಒಂದು ಶಿಕ್ಷಣ. ಗ್ರೀನ್‌ಲಾನ ಮೂಲಗಳು ಈಗ ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿವೆ. 2008ರಲ್ಲಿ ಜಾರ್ಜ್ ಮಿಚೆಲ್ ಸಂಪಾದಕತ್ವದಲ್ಲಿ ಪುಸ್ತಕವೂ ಬಂದಿದೆ.

ಒಂದೇ ಒಂದು ಚಿತ್ರ ಹೇಳುತ್ತೇನೆ. ವಿಜಯ ವಿಠ್ಠಲ ಗುಡಿಯ ಕಲ್ಲಿನ ರಥ ಯಾರಿಗೆ ಗೊತ್ತಿಲ್ಲ? ಐವತ್ತು ರೂಪಾಯಿ ನೋಟಿನ ಬೆನ್ನಿಗೂ ಅದೇ ಇದೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ತಲೆಯ ಮೇಲೆ ಇಟ್ಟಿಗೆ ಗಾರೆಯ ಗೋಪುರವಿದೆ! ಈಗ ನಾವು ನೋಡುವ ಚಪ್ಪಟೆ ತಲೆಯ ರಥ ಅರ್ಧ ರಥ. ನೋಟಿನಲ್ಲಿ, ಕ್ಯಾಲೆಂಡರಿನಲ್ಲಿ, ಮದುವೆ ಆಲ್ಬಂಗಳಲ್ಲಿ ನೋಡಿ ನೋಡಿ ಅದೇ ಪೂರ್ತಿ ಎಂದುಕೊಂಡಿದ್ದೇವೆ. ಹಂಪಿಗೆ ಹೋಗುವ ಮುಂಚೆ 1856ರ ಆ ಚಿತ್ರವನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಹೋಗಿ, ರಥದ ಮುಂದೆ ನಿಂತು ಹೋಲಿಸಿ ನೋಡು ಎಂದು ಹುಡುಗನಿಗೆ ಹೇಳಿದ್ದೇನೆ. ಗೋಡೆ ಇಲ್ಲದ ಪ್ರದರ್ಶನ ಅದು. ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯವನ್ನೂ ಬಿಡಬಾರದು. ಅಲ್ಲಿನ ಹಂಪಿಯ ದೊಡ್ಡ ಮಾದರಿ ನೋಡಿದ ಮೇಲೆ ಯಾವ ಫೋಟೊ ಎಲ್ಲಿಂದ ತೆಗೆದದ್ದೆಂದು ತಿಳಿಯುತ್ತದೆ.

ಎರಡನೆಯ ದಾರಿ ಯಾದಗಿರಿ ಸ್ಟೇಷನ್ನಿನಿಂದ ಹೈದರಾಬಾದಿಗೆ. ಬೆಂಗಳೂರಿಗೆ ಹೋಗುವ ಅರ್ಧ ದೂರವೂ ಇಲ್ಲ. 1948ರವರೆಗೆ ನಾವು ನಿಜಾಮರ ಸೀಮೆಯವರು, ಹಾಗಾಗಿ ನಮ್ಮ ರಾಜಧಾನಿಯ ಛಾಯಾಗ್ರಾಹಕ ಲಾಲಾ ದೀನ್ ದಯಾಳ್. ಹುಟ್ಟಿದ್ದು 1844ರಲ್ಲಿ, ತೀರಿಕೊಂಡದ್ದು 1905ರಲ್ಲಿ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಅವನಿಗೆ ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟಿದ್ದ. ಅವನ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಪಡೆದುಕೊಂಡಿತು. ಹಳೆ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಕಾಲದ ಫೋಟೊಗಳು ಗೋಡೆಯುದ್ದಕ್ಕೂ ಇವೆ. ಹೋದಾಗ ಕಿರೀಟ, ಕತ್ತಿ, ಮುತ್ತಿನ ಹಾರಗಳ ಮೇಲೆ ಕಣ್ಣು ನಿಲ್ಲುವುದು ಸಹಜ. ಅಂಚಿನಲ್ಲಿ ನಿಂತವರನ್ನೂ ನೋಡಬೇಕು. ಛತ್ರಿ ಹಿಡಿದವನು, ಕುದುರೆಯ ಲಗಾಮು ಹಿಡಿದವನು, ಕಂಬದ ಮರೆಯಲ್ಲಿ ಅರ್ಧ ಕಾಣುವವನು. ಆ ಸಾಲಿನಲ್ಲಿ ನಮ್ಮ ಕಡೆಯವರೂ ಇದ್ದಾರು.

ಅದೇ ಊರಿನ ಮಾದಾಪುರದಲ್ಲಿ ಸ್ಟೇಟ್ ಗ್ಯಾಲರಿ ಆಫ್ ಆರ್ಟ್ ಇದೆ. 2015ರಿಂದ ಅಲ್ಲಿ ಇಂಡಿಯನ್ ಫೋಟೊಗ್ರಫಿ ಫೆಸ್ಟಿವಲ್ ನಡೆಯುತ್ತ ಬಂದಿದೆ, ಇತ್ತೀಚೆಗೆ ಸಾಮಾನ್ಯವಾಗಿ ಚಳಿಗಾಲದಲ್ಲಿ. ಬೇರೆ ಬೇರೆ ದೇಶಗಳ ಛಾಯಾಗ್ರಾಹಕರ ಕೆಲಸ ಒಂದೇ ಸೂರಿನಡಿ ಸಿಗುತ್ತದೆ. ಕ್ಯಾಮೆರಾ ಹಿಡಿದ ಯಾದಗಿರಿ, ರಾಯಚೂರು, ಕಲಬುರಗಿ ಹುಡುಗ ಹುಡುಗಿಯರು ಬೆಳಗಿನ ರೈಲಿಗೆ ಹೋಗಿ ರಾತ್ರಿಗೆ ಮನೆಗೆ ಬರಬಹುದು. ಕಲಬುರಗಿಯ ಮಾತು ಬಂದದ್ದರಿಂದ ಒಂದು ಮಾತು. ಅಲ್ಲಿನ ಹಳೆ ಗುಮ್ಮಟಗಳೊಳಗಿರುವ ಸರ್ಕಾರಿ ವಸ್ತುಸಂಗ್ರಹಾಲಯ ಮುಖ್ಯವಾಗಿ ಶಿಲ್ಪಗಳದು. ಫೋಟೊ ಹುಡುಕಿ ಹೋದರೆ ನಿರಾಸೆ, ಕಲ್ಲು ನೋಡಲು ಹೋದರೆ ಹಬ್ಬ.

ಇನ್ನು ಬೆಂಗಳೂರು. ಕಸ್ತೂರಬಾ ರಸ್ತೆಯಲ್ಲಿ, ವಿಶ್ವೇಶ್ವರಯ್ಯ ವಿಜ್ಞಾನ ವಸ್ತುಸಂಗ್ರಹಾಲಯದ ಹತ್ತಿರವೇ, ಮ್ಯಾಪ್ ಇದೆ. ಪೂರ್ತಿ ಹೆಸರು ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ. ಅಭಿಷೇಕ್ ಪೊದ್ದಾರ್ ಕಟ್ಟಿಸಿದ್ದು. 2020ರ ಡಿಸೆಂಬರಿನಲ್ಲಿ ಮೊದಲು ಅಂತರ್ಜಾಲದಲ್ಲಿ ತೆರೆದು, 2023ರ ಫೆಬ್ರವರಿ 18ರಂದು ಜನರಿಗೆ ಬಾಗಿಲು ತೆರೆಯಿತು. ಸಂಗ್ರಹದಲ್ಲಿ 60 ಸಾವಿರಕ್ಕೂ ಹೆಚ್ಚು ವಸ್ತುಗಳಿವೆ, ಫೋಟೊಗಳದು ಅದರಲ್ಲಿ ದೊಡ್ಡ ಪಾಲು. ತೆರೆದಾಗಲೇ ಜ್ಯೋತಿ ಭಟ್ ಅವರ ಫೋಟೊಗಳ ಪ್ರದರ್ಶನವಿತ್ತು. ಬರೋಡಾದ ಈ ಕಲಾವಿದರು ಹಳ್ಳಿ ಹಳ್ಳಿ ತಿರುಗಿ ಹೆಣ್ಣುಮಕ್ಕಳು ಗೋಡೆ, ನೆಲದ ಮೇಲೆ ಬರೆಯುವ ಚಿತ್ತಾರಗಳನ್ನು ಕ್ಯಾಮೆರಾದಲ್ಲಿ ಹಿಡಿದವರು. ಮಳೆ ಬಂದರೆ, ಮತ್ತೆ ಸಾರಿಸಿದರೆ ಅಳಿಸಿಹೋಗುವ ಕಲೆಯದು, ಉಳಿದದ್ದು ಆ ಫೋಟೊಗಳಲ್ಲಿ.

ನನಗೆ ಮ್ಯಾಪ್ ಹತ್ತಿರವಾದದ್ದು ಟಿ.ಎಸ್. ಸತ್ಯನ್ ಅವರಿಂದ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಗೆ ಛಾಯಾಗ್ರಾಹಕರಾಗಿ ಸೇರಿ, ಮುಂದೆ ದೇಶವೆಲ್ಲ ತಿರುಗಿದವರು. 1977ರಲ್ಲಿ ಪದ್ಮಶ್ರೀ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿಸಿತು. ಅವರ ಜನ್ಮಶತಮಾನದ ಹೊತ್ತಿಗೆ ಮ್ಯಾಪ್ ಅವರ ಚಿತ್ರಗಳನ್ನು ಗೋಡೆಗೇರಿಸಿತು. ಸತ್ಯನ್ ಅವರಲ್ಲಿ ಜನ ಕ್ಯಾಮೆರಾಕ್ಕೆ ಹೆದರಿ ನಿಂತಿಲ್ಲ, ತಮ್ಮ ಪಾಡಿಗೆ ತಾವು ಇದ್ದಾರೆ. ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತ ನಮ್ಮ ಆಯಿಯನ್ನು ನೋಡಿ ಬೆಳೆದವನಿಗೆ ಆ ನಿರಾಳ ಹೊಸದು.

ಹಾಗೆಂದು ಪರದೆ ಕೀಳಲ್ಲ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಆ ಪರದೆಯನ್ನೇ ಕಲೆಯ ನಡುವಿಗೆ ತಂದರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ ಸರಣಿಯಲ್ಲಿ ಅವರೇ ವೇಷ ತೊಟ್ಟು, ಬಣ್ಣದ ಪರದೆಗಳ ಮುಂದೆ ನಿಂತು, ದೇವಿಯಾಗಿ, ಬುಡಕಟ್ಟಿನ ಹೆಣ್ಣಾಗಿ, ಪೊಲೀಸರ ಫೋಟೊದ ಕಳ್ಳಿಯಾಗಿ ಕಾಣಿಸಿಕೊಂಡರು. ಇದರ ಮೊನೆ ತಾಗಬೇಕಾದರೆ ಮತ್ತೆ ಹತ್ತೊಂಬತ್ತನೆಯ ಶತಮಾನಕ್ಕೆ ಹೋಗಬೇಕು. 1868ರಿಂದ 1875ರವರೆಗೆ ದಿ ಪೀಪಲ್ ಆಫ್ ಇಂಡಿಯಾ ಎಂಬ 8 ಸಂಪುಟಗಳು ಬಂದವು. ಜಾತಿ, ಕಸುಬು, ಬುಡಕಟ್ಟು ಎಂದು ಜನರನ್ನು ವಿಂಗಡಿಸಿ, ಒಬ್ಬೊಬ್ಬರ ಫೋಟೊ ಹಾಕಿ, ಪಕ್ಕದಲ್ಲಿ ಇವರು ನಂಬಿಗಸ್ಥರು, ಇವರು ಕಪಟಿಗಳು ಎಂಬಂಥ ವರದಿ ಬರೆದ ಪುಸ್ತಕ. ಅದರ ಕೊನೆಯ ಸಂಪುಟಗಳ ಬರಹದಲ್ಲಿ ಮೆಡೋಸ್ ಟೇಲರ್ ಕೈಯೂ ಇತ್ತು. ಸುರಪುರದಲ್ಲಿ ಅಪ್ಪಾ ಎನಿಸಿಕೊಂಡವನು ಇಂಥ ಕೆಲಸಕ್ಕೂ ಕೈ ಹಚ್ಚಿದ ಎನ್ನುವುದನ್ನು ಅವನ ಮೇಲಿನ ಪ್ರೀತಿ ಇಟ್ಟುಕೊಂಡೇ ಹೇಳಬೇಕು. ಫೋಟೊದಲ್ಲಿ ಇರುವವರ ಹೆಸರಿನ ಜಾಗದಲ್ಲಿ ಜಾತಿಯ ಹೆಸರು ಬರೆದ ಆ ಪುಟಗಳನ್ನು ನೋಡಿದವರಿಗೆ ಪುಷ್ಪಮಾಲಾ ಯಾಕೆ ತಾವೇ ಪರದೆಯ ಮುಂದೆ ಹೋಗಿ ನಿಂತರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಎಂ.ಜಿ. ರಸ್ತೆ ಮೆಟ್ರೊ ಸ್ಟೇಷನ್ನಿನ ರಂಗೋಲಿ ಇಲ್ಲೂ ಆಗಾಗ ಫೋಟೊ ಪ್ರದರ್ಶನಗಳು ಬರುತ್ತವೆ. ಮ್ಯಾಪ್ ಮತ್ತು ರಾಷ್ಟ್ರೀಯ ಗ್ಯಾಲರಿಗೆ ಸೋಮವಾರ ರಜೆ. ರಾತ್ರಿ ಬಸ್ಸಿಗೆ ಹತ್ತಿ ಸೋಮವಾರ ಬೆಳಿಗ್ಗೆ ಇಳಿದು ಬಾಗಿಲು ನೋಡಿ ಬರುವುದು ಬೇಡ. ಮೈಸೂರಿಗೆ ಹೋದರೆ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ ಚಿತ್ರಗಳ ಮುಂದೆ ಸಾವಕಾಶ ನಿಲ್ಲಬೇಕು. ಅವು ಬಣ್ಣದ ಚಿತ್ರಗಳೇ, ಆದರೆ ನಿಜವಾದ ಮೆರವಣಿಗೆಯ ಫೋಟೊಗಳನ್ನು ಇಟ್ಟುಕೊಂಡು ಬರೆದವು. ಅದಕ್ಕೇ ಅಲ್ಲಿ ಒಬ್ಬೊಬ್ಬರ ಮುಖ ಒಂದೊಂದು.

ಪ್ರದರ್ಶನದ ಕೋಣೆಗೆ ಕಾಲಿಟ್ಟಾಗ ಬೆಳಕು ಮಂದವಾಗಿ ಕಂಡರೆ ಬೇಸರ ಬೇಡ. ಹಳೆ ಫೋಟೊಗೆ ಬೆಳಕೇ ವೈರಿ. ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಬೆಳಕು ಇಟ್ಟು, ಕೆಲವು ತಿಂಗಳು ತೋರಿಸಿ, ಮತ್ತೆ ಕತ್ತಲ ಕಪಾಟಿನಲ್ಲಿ ವಿಶ್ರಾಂತಿಗೆ ಇಡುತ್ತಾರೆ. ಒಂದೆರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಆಮೇಲೆ ಪಕ್ಕದ ಚಿಕ್ಕ ಚೀಟಿ ಓದಬೇಕು. ಯಾರು ತೆಗೆದದ್ದು, ಎಲ್ಲಿ, ಯಾವ ಇಸವಿ, ಯಾವ ವಿಧಾನ, ಅಳತೆ ಎಷ್ಟು, ಯಾರ ಸಂಗ್ರಹದ್ದು. ಆ ಕಾಲದಲ್ಲೇ ಇಳಿಸಿದ ಪ್ರಿಂಟೋ ಈಗ ಹೊಸದಾಗಿ ತೆಗೆಸಿದ್ದೋ ಎನ್ನುವುದೂ ಅಲ್ಲಿರುತ್ತದೆ. ಐದಾರು ಸಾಲಿನ ಆ ಚೀಟಿಯನ್ನು ನಾನು ಮೊದಮೊದಲು ದಾಟಿ ಹೋಗುತ್ತಿದ್ದೆ. ಈಗ ಅದೇ ನನಗೆ ಅರ್ಧ ಪ್ರದರ್ಶನ.

ಊರಿಗೆ ಬಂದರೆ ಚೀಟಿ ಇಲ್ಲದ ಫೋಟೊಗಳ ರಾಶಿ. ನಮ್ಮ ಕಡೆಯ ಒಂದು ಊರಿನಲ್ಲಿ ಹಳೆಯ ಸ್ಟುಡಿಯೊ ಮುಚ್ಚಿದಾಗ ನೆಗೆಟಿವ್‌ಗಳನ್ನು ಗೋಣಿಚೀಲಕ್ಕೆ ತುಂಬಿ ಗುಜರಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಎಷ್ಟು ಮದುವೆ, ಎಷ್ಟು ತೊಟ್ಟಿಲು, ಎಷ್ಟು ಮಂದಿಯ ಒಂದೇ ಒಂದು ಫೋಟೊ ಆ ಚೀಲದಲ್ಲಿ ಹೋಯಿತೋ. ಅಂದು ಒಂದು ಚೀಲವನ್ನಾದರೂ ಮನೆಗೆ ತರಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ದೇಶಾಂತರದವರು ನಮ್ಮ ಚಿತ್ರಗಳನ್ನು ಹೇಗೆ ಇಟ್ಟುಕೊಂಡಿದ್ದಾರೆ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ತನ್ನ ಭಂಡಾರದ ಸುಮಾರು 28 ಸಾವಿರ ಹಳೆ ಚಿತ್ರಗಳನ್ನು ಅಂತರ್ಜಾಲಕ್ಕೆ ಏರಿಸಿದೆ. ಮಂಗಳೂರು, ಧಾರವಾಡ, ಬೆಟಗೇರಿ ಕಡೆಯವರು ತಮ್ಮ ಊರನ್ನು ಅಲ್ಲಿ ಹುಡುಕಿಕೊಳ್ಳಬಹುದು.

ನಮ್ಮಲ್ಲಿ ದೊಡ್ಡ ಕಟ್ಟಡ ಬರುವವರೆಗೆ ಕಾಯಬೇಕಿಲ್ಲ. ತಿಂಥಣಿ ಜಾತ್ರೆಯ ಐದು ದಿನಕ್ಕೆ ಶಾಲೆಯ ಒಂದು ಕೋಣೆ ಸಾಕು. ಮನೆ ಮನೆಯ ಪಟಗಳನ್ನು ಸ್ಕ್ಯಾನ್ ಮಾಡಿ, ನಕಲು ತೆಗೆಸಿ, ಮೂಲವನ್ನು ಮನೆಯವರಿಗೇ ಕೊಟ್ಟು, ನಕಲನ್ನು ದಾರಕ್ಕೆ ತೂಗುಹಾಕಿದರಾಯಿತು. ಜೊತೆಗೆ 1866ರ ಆ ಪುಸ್ತಕಗಳ ನಾಲ್ಕು ಪುಟ, ದೀನ್ ದಯಾಳ್‌ನ ಎರಡು ಚಿತ್ರ, ಶಹಾಪುರದ ಆ ಹುಡುಗ ತೆಗೆದ ಈ ವರ್ಷದ ಜಾತ್ರೆ. ಹಿಂದೂ ಮುಸಲ್ಮಾನರು ಒಂದೇ ಗದ್ದುಗೆಗೆ ಮೌನೇಶ್ವರ ಎಂದೂ ಮೌನುದ್ದೀನ ಎಂದೂ ನಡೆದುಕೊಳ್ಳುವ ಊರಿನ ಪಟಗಳು ಒಂದೇ ದಾರದಲ್ಲಿ ಸಾಲಾಗಿ ತೂಗಿದರೆ ಅದು ಯಾವ ಮಹಾನಗರದ ಗ್ಯಾಲರಿಯಲ್ಲೂ ಸಿಗದ ಪ್ರದರ್ಶನ. ಹುಡುಗ ಒಪ್ಪಿದ್ದಾನೆ. ಮೊದಲ ಪಟ ನಮ್ಮ ಮನೆಯದು ಎಂದು ನಿಶ್ಚಯವಾಯಿತು.

ತೊಂದರೆಯೊಂದಿತ್ತು. 2009ರ ಆ ಮಹಾಮಳೆಗೆ ನಮ್ಮ ಮಾಳಿಗೆ ಸೋರಿ, ನೀರು ಗೋಡೆಯಗುಂಟ ಇಳಿದು ಪಟದೊಳಗೆ ಹೊಕ್ಕಿತ್ತು. ಒಣಗಿದ ಮೇಲೆ ಫೋಟೊ ಗಾಜಿಗೆ ಕಚ್ಚಿಕೊಂಡುಬಿಟ್ಟಿದೆ. ಇಂಥದನ್ನು ಎಳೆದು ಬಿಡಿಸಬಾರದು, ಚಿತ್ರದ ಪದರವೇ ಗಾಜಿನೊಡನೆ ಕಿತ್ತುಬರುತ್ತದೆ. ಗಾಜು ಸಮೇತ ಹಾಗೇ ಬಿಟ್ಟು, ಮೇಲಿಂದ ಫೋಟೊ ತೆಗೆದುಕೊಳ್ಳಬೇಕು. ಹುಡುಗ ಪಟವನ್ನು ಅಂಗಳದ ಬೇವಿನ ನೆರಳಿಗೆ ತಂದ. ಗಾಜಿನಲ್ಲಿ ಆಕಾಶ ಹೊಳೆಯದ ಹಾಗೆ ನಾನು ಕರೀ ಕಂಬಳಿ ಎತ್ತಿ ಹಿಡಿದೆ. ಅವನು ಮೇಲಿಂದ ನೇರವಾಗಿ ನಾಲ್ಕು ಸಲ ಒತ್ತಿದ.

ಆ ಫೋಟೊದ ಹುಡುಗಿ, ನನ್ನ ಅತ್ತಿ, ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಈಗ ಅವಳಿಗೆ ಎಪ್ಪತ್ತರ ಮೇಲೆ. ನಾನು ಚೀಟಿ ಬರೆಯಲು ಪೆನ್ಸಿಲ್ ತೆಗೆದೆ. ಫೋಟೊದ ಹಿಂದೆ ಎಂದೂ ಪೆನ್ನಿನಲ್ಲಿ ಬರೆಯಬಾರದು, ಮಸಿ ಮುಂದಕ್ಕೆ ಇಳಿಯುತ್ತದೆ. ಆಯಿಯ ಹೆಸರು, ಮುತ್ಯಾನ ಹೆಸರು, ತಿಂಥಣಿ ಜಾತ್ರೆ ಎಂದು ಬರೆದೆ. ಇಸವಿ ಕೇಳಿದೆ.

"ಇಸ್ವಿ ಗಿಸ್ವಿ ನನಗೇನ್ ಗೊತ್ತಪ. ನಿಮ್ಮಪ್ಪ ಹುಟ್ಟಿದ ಮುಂದಿನ ಜಾತ್ರಿ ಅದು."

ಹಾಗೇ ಬರೆದುಕೊಂಡೆ.

"ಅತ್ತಿ, ನಿನ್ನ ಮುಖ ಯಾಕ ಹಿಂಗಾಗ್ಯಾದ?"

"ಫೋಟೊದಾವ ಮುಚ್ಚಳ ತಗದು ಅಲುಗಾಡಬ್ಯಾಡ ಅಂದಿದ್ದ. ಹೊರಗ ಡೊಳ್ಳು ಬಂತು, ನಾ ತಿರುಗಿ ನೋಡಿದೆ. ಅವ್ವ ಆಮ್ಯಾಲ ಬೈದಳು, ರೊಕ್ಕ ಹಾಳು ಮಾಡಿದೆಂತ."

"ಆಯಿಗೆ ಗಡಿಯಾರ ಯಾವಾಗ ಕೊಡಿಸಿದ್ದ ಮುತ್ಯಾ?"

"ಅದು ನಮ್ಮದಲ್ಲ. ಫೋಟೊದಾವಂದು. ನಮ್ಮಕಿಂತ ಮೊದಲು ಕುಂತಾಕಿ ಕೈಯಾಗಿಂದು ಬಿಚ್ಚಿ ಅವ್ವನ ಕೈಗಿ ಕಟ್ಟಿದ. ಎಲ್ಲಾರಿಗೂ ಅದನ್ನೇ ಕಟ್ಟತಿದ್ದ."

ಚೀಟಿಯಲ್ಲಿ ಇನ್ನೂ ಒಂದಿಷ್ಟು ಜಾಗವಿತ್ತು. ಅತ್ತಿಯ ಹೆಸರು ಬರೆದು ಪಕ್ಕದಲ್ಲಿ 'ಡೊಳ್ಳಿನ ಕಡೆ ತಿರುಗಿದಳು' ಎಂದು ಸೇರಿಸಿದೆ. ಅದರ ಕೆಳಗಿನ ಸಾಲಿನಲ್ಲಿ, ಯಾರ ಸಂಗ್ರಹದ್ದು ಎಂದು ಬರೆಯುವ ಜಾಗದಲ್ಲಿ, ಬರೆದೆ: ಪಟ ನಮ್ಮ ಮನೆಯದು, ಕೈಗಡಿಯಾರ ಫೋಟೊದವನದು.